ಮೀಟರ್ ಇಲ್ಲದವರ ಲೆಕ್ಕ: ಬೀದಿಯಲ್ಲಿ ಮಲಗುವವರಿಗೆ ನೆರೆಹೊರೆಯವರಿಂದ ಆಗಬಹುದಾದದ್ದು ಏನು?

ಹದಿನಾರು ವರ್ಷಗಳ ಬಳಿಕ ದೇಶದ ಜನಗಣತಿ ನಡೆಯುತ್ತಿದೆ. ಮೊದಲ ಹಂತದಲ್ಲಿ ಮನೆಗಳ ಪಟ್ಟಿ, ಎರಡನೆಯ ಹಂತದಲ್ಲಿ ಜನರ ಎಣಿಕೆ. ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1ರ ಶೂನ್ಯ ಗಂಟೆಯೇ ಆಧಾರ. ಮನೆಗಳ ಪಟ್ಟಿಯಿಂದ ಶುರುವಾಗುವ ಗಣತಿಯಲ್ಲಿ ಮನೆಯೇ ಇಲ್ಲದವರು ಎಲ್ಲಿ ಬರುತ್ತಾರೆ ಎಂಬ ಗೊಂದಲ ಸಹಜವೇ. ಕರ್ನಾಟಕದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಆಗ ವಿದ್ಯುತ್ ಮೀಟರ್‌ಗಳ ಆಧಾರದ ಮೇಲೆ ಮನೆಗಳನ್ನು ಗುರುತಿಸಿ ಬಾಗಿಲಿಗೆ ಚೀಟಿ ಅಂಟಿಸಲಾಯಿತು. ಮೇಲ್ಸೇತುವೆಯ ಕಂಬಕ್ಕೆ ಒರಗಿ ಮಲಗುವವರಿಗೆ ಬಾಗಿಲೂ ಇಲ್ಲ, ಮೀಟರೂ ಇಲ್ಲ.

ಇದಕ್ಕೂ ಮೊದಲೇ, 2025ರ ಫೆಬ್ರುವರಿಯಲ್ಲಿ, ಇನ್ನೊಂದು ಸುದ್ದಿ ಬಂದಿತ್ತು. ಉಚಿತ ಕೊಡುಗೆಗಳಿಂದ ನಾವು ಪರಾವಲಂಬಿಗಳ ವರ್ಗವೊಂದನ್ನು ಸೃಷ್ಟಿಸುತ್ತಿಲ್ಲವೇ ಎಂದು ಸುಪ್ರೀಂ ಕೋರ್ಟ್ ಪೀಠ ಕೇಳಿತು. ಗ್ಯಾರಂಟಿ ಯೋಜನೆಗಳ ಪರ ಇರುವವರೂ ವಿರುದ್ಧ ಇರುವವರೂ ಆ ಮಾತನ್ನು ತಮ್ಮ ತಮ್ಮ ಅನುಕೂಲಕ್ಕೆ ಬಳಸಿಕೊಂಡರು. ಅದು ಯಾವ ಪ್ರಕರಣದ ವಿಚಾರಣೆಯಲ್ಲಿ ಬಂದ ಮಾತು ಎಂಬುದನ್ನು ಹೆಚ್ಚಿನವರು ಗಮನಿಸಲಿಲ್ಲ. ಅದು ನಗರಗಳ ವಸತಿರಹಿತರಿಗೆ ಆಶ್ರಯ ಕೇಂದ್ರ ಒದಗಿಸುವ ಕುರಿತ ಪ್ರಕರಣವಾಗಿತ್ತು.

ಈ ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಮಸ್ಯೆಯ ಆಕಾರ ಸ್ವಲ್ಪ ತಿಳಿಯುತ್ತದೆ. ಗೃಹಜ್ಯೋತಿಗೆ ಮೀಟರ್ ಸಂಖ್ಯೆ ಬೇಕು. ಗೃಹಲಕ್ಷ್ಮಿಗೂ ಅನ್ನಭಾಗ್ಯಕ್ಕೂ ಪಡಿತರ ಚೀಟಿ ಬೇಕು. ಶಕ್ತಿ ಯೋಜನೆಯ ಬಸ್ಸು ಹತ್ತಲು ರಾಜ್ಯದ ನಿವಾಸಿ ಎಂದು ತೋರಿಸುವ ಗುರುತಿನ ಚೀಟಿ ಬೇಕು. ಬೀದಿಯಲ್ಲಿ ಮಲಗುವವರ ಪೈಕಿ ಬಹುಮಂದಿಗೆ ಇವುಗಳಲ್ಲಿ ಒಂದೋ ಎರಡೋ ಇಲ್ಲ, ಕೆಲವರಿಗೆ ಯಾವುದೂ ಇಲ್ಲ. ಚೀಟಿ ಕೇಳದೆ ಅವರನ್ನು ತಲುಪುವ ಸರ್ಕಾರಿ ಸೌಲಭ್ಯವೆಂದರೆ ಮುಖ್ಯವಾಗಿ ಇಂದಿರಾ ಕ್ಯಾಂಟೀನ್. ಅಲ್ಲಿ ಹತ್ತು ರೂಪಾಯಿ ಕೊಟ್ಟವರಿಗೆ ಊಟ ಸಿಗುತ್ತದೆ, ವಿಳಾಸವನ್ನು ಯಾರೂ ಕೇಳುವುದಿಲ್ಲ. ಉಚಿತ ಕೊಡುಗೆಗಳ ಬಗ್ಗೆ ದೇಶವ್ಯಾಪಿ ಚರ್ಚೆ ಎದ್ದದ್ದು, ಆ ಕೊಡುಗೆಗಳು ಎಲ್ಲರಿಗಿಂತ ಕಡಿಮೆ ತಲುಪುವವರ ಮೊಕದ್ದಮೆಯಿಂದ.

ಒಂದೇ ರಾತ್ರಿಯ ಎಣಿಕೆ

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಮನೆಯಿಲ್ಲದವರು 17.73 ಲಕ್ಷ. 2001ರಲ್ಲಿ ಈ ಸಂಖ್ಯೆ 19.43 ಲಕ್ಷ ಇತ್ತು. ಒಟ್ಟು ಇಳಿದಿದೆ ಎಂದು ಸಮಾಧಾನಪಡುವ ಮೊದಲು ಒಳಗಿನ ವಿವರ ನೋಡಬೇಕು. ಇಳಿಕೆಯಾದದ್ದು ಹಳ್ಳಿಗಳಲ್ಲಿ. ನಗರಗಳಲ್ಲಿ 7.78 ಲಕ್ಷವಿದ್ದ ಸಂಖ್ಯೆ 9.38 ಲಕ್ಷಕ್ಕೆ, ಅಂದರೆ ಶೇ 20ರಷ್ಟು ಏರಿತು. ಆಮೇಲೆ ದೇಶಮಟ್ಟದ ಎಣಿಕೆಯೇ ನಡೆದಿಲ್ಲ. ಕೋವಿಡ್ ಬಂದು ಹೋಯಿತು, ನಗರಗಳ ಬಾಡಿಗೆ ಏರಿತು, ಕಾಗದದ ಮೇಲಿನ ಸಂಖ್ಯೆ ಮಾತ್ರ 2011ರಲ್ಲೇ ನಿಂತಿದೆ.

ಆ ಸಂಖ್ಯೆಯೂ ಎಷ್ಟು ನಂಬಲರ್ಹ? ಗಣತಿಯ ದೃಷ್ಟಿಯಲ್ಲಿ ಮನೆ ಎಂದರೆ ಚಾವಣಿ ಇರುವ ಒಂದು ರಚನೆ. ಅದಿಲ್ಲದೆ ರಸ್ತೆ ಬದಿ, ಕಾಲುದಾರಿ, ರೈಲು ನಿಲ್ದಾಣ, ದೇವಸ್ಥಾನದ ಜಗಲಿ, ಮೇಲ್ಸೇತುವೆಯ ಕೆಳಗೆ ಬದುಕುವವರನ್ನು ಮನೆಯಿಲ್ಲದವರೆಂದು ದಾಖಲಿಸಲಾಗುತ್ತದೆ. ಅವರು ಜಾಗ ಬದಲಿಸುತ್ತಿರುವುದರಿಂದ ಎರಡು ಸಲ ಲೆಕ್ಕಕ್ಕೆ ಸಿಗಬಾರದೆಂದು ಒಂದೇ ರಾತ್ರಿಯಲ್ಲಿ ಎಣಿಕೆ ಮುಗಿಸಲಾಗುತ್ತದೆ. 2011ರಲ್ಲಿ ಅದು ಫೆಬ್ರುವರಿ 28ರ ರಾತ್ರಿ. ಎರಡು ಸಲ ಎಣಿಸುವ ತಪ್ಪನ್ನು ಈ ಕ್ರಮ ತಡೆಯುತ್ತದೆ, ನಿಜ. ಆದರೆ ಒಮ್ಮೆಯೂ ಎಣಿಸದೇ ಹೋಗುವ ಅಪಾಯವನ್ನು ಅದು ಹೆಚ್ಚಿಸುತ್ತದೆ. ಸಗಟು ಮಾರುಕಟ್ಟೆಗಳಿಗೆ ತರಕಾರಿ, ಹೂವು, ಸಾಮಾನಿನ ಲಾರಿಗಳು ಬರುವುದು ರಾತ್ರಿಯೇ. ಅಲ್ಲಿ ಮೂಟೆ ಇಳಿಸುವ ಕೂಲಿಯವನು ಎಣಿಕೆಯ ಹೊತ್ತಿನಲ್ಲಿ ಕೆಲಸದಲ್ಲಿರುತ್ತಾನೆ, ಮಲಗುವುದು ಹಗಲಿನಲ್ಲಿ. ಒಂಟಿ ಹೆಂಗಸರು ಕಣ್ಣಿಗೆ ಬೀಳದ ಮೂಲೆಯನ್ನೇ ಆರಿಸಿಕೊಳ್ಳುತ್ತಾರೆ, ಅವರ ಸುರಕ್ಷತೆ ಇರುವುದೇ ಅದರಲ್ಲಿ. ಟಾರ್ಚ್ ಹಿಡಿದು ರಾತ್ರಿ ಬಂದವರನ್ನು ಪೊಲೀಸರೆಂದು ತಿಳಿದು ಎದ್ದು ಹೋಗುವವರೂ ಇದ್ದಾರೆ.

ಈ ಕೊರತೆಯನ್ನು ತುಂಬಲು ಊರಿನವರ ನೆರವು ಬೇಕಾಗುತ್ತದೆ. ಯಾವ ಅಂಗಡಿಯ ಮುಂಗಟ್ಟಿನಲ್ಲಿ ಎಷ್ಟು ಮಂದಿ ಮಲಗುತ್ತಾರೆ ಎಂಬುದು ಗಣತಿದಾರರಿಗೆ ಗೊತ್ತಿರುವುದಿಲ್ಲ. ಬೆಳಗಿನ ಜಾವ ಹಾಲು, ಪತ್ರಿಕೆ ಹಾಕುವವರಿಗೆ, ಆಟೊ ಚಾಲಕರಿಗೆ, ರಾತ್ರಿ ಕಾವಲುಗಾರರಿಗೆ, ಪೌರಕಾರ್ಮಿಕರಿಗೆ ಅದು ಚೆನ್ನಾಗಿ ಗೊತ್ತು. ಗಣತಿಗೆ ಕೆಲವು ವಾರ ಮೊದಲೇ ಇಂಥ ತಾಣಗಳ ಪಟ್ಟಿಯನ್ನು ಸ್ಥಳೀಯ ಪಾಲಿಕೆಯ ಗಣತಿ ಅಧಿಕಾರಿಗೆ ಬರವಣಿಗೆಯಲ್ಲಿ ಕೊಡುವುದು ಯಾವ ಬಡಾವಣೆಯ ಸಂಘಕ್ಕೂ ಕಷ್ಟದ ಕೆಲಸವಲ್ಲ.

ಬೀದಿಗೆ ಬರುವ ದಾರಿಗಳು

ಬೀದಿಯಲ್ಲಿ ಮಲಗುವವರೆಲ್ಲ ಭಿಕ್ಷುಕರು ಎಂಬ ಭಾವನೆ ಗಟ್ಟಿಯಾಗಿ ಕುಳಿತಿದೆ. ಅದು ತಪ್ಪು. ಮೂಟೆ ಹೊರುವವರು, ಮದುವೆ ಅಡುಗೆಯ ಸಹಾಯಕರು, ಹೋಟೆಲ್‌ನಲ್ಲಿ ಪಾತ್ರೆ ತೊಳೆಯುವವರು, ಚಿಂದಿ ಆಯುವವರು, ಗಾರೆ ಕೆಲಸದವರು ಇವರಲ್ಲಿ ದೊಡ್ಡ ಪಾಲು. ದುಡಿಮೆ ಇದ್ದೂ ಬಾಡಿಗೆ ಕೋಣೆ ಏಕೆ ಹಿಡಿಯುವುದಿಲ್ಲ?

ಲೆಕ್ಕ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. ಊರ ಹೊರವಲಯದಲ್ಲಿ ತಿಂಗಳಿಗೆ ಐದು ಸಾವಿರ ರೂಪಾಯಿಯ ಕೋಣೆಯೊಂದು ಇದೆ ಎಂದಿಟ್ಟುಕೊಳ್ಳೋಣ. ಬೆಂಗಳೂರಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಮುಂಗಡ ಕೇಳಿದರೆ ಐವತ್ತು ಸಾವಿರ ಒಟ್ಟಿಗೆ ಬೇಕು. ದಿನಗೂಲಿಯವನ ಕೈಗೆ ಹಣ ಬರುವುದು ದಿನದ ಲೆಕ್ಕದಲ್ಲಿ, ಮಳೆ ಬಂದ ದಿನ ಅದೂ ಇಲ್ಲ. ಉಳಿಸಿದ್ದನ್ನು ಇಟ್ಟುಕೊಳ್ಳಲು ಬೀಗ ಹಾಕುವ ಪೆಟ್ಟಿಗೆಯಿಲ್ಲ, ಹಣ ಕಳವಾಗುತ್ತದೆ. ಹೇಗೋ ಕೋಣೆ ಹಿಡಿದರೂ ಅದು ಕೆಲಸದ ಜಾಗದಿಂದ ದೂರ. ಕೂಲಿಗೆ ಆಳು ಆರಿಸುವ ವೃತ್ತಗಳಲ್ಲಿ ಬೆಳಗಾಗುವ ಹೊತ್ತಿಗೆ ನಿಂತಿರದಿದ್ದರೆ ಆ ದಿನದ ಕೆಲಸ ಹೋಯಿತು. ಮಾರುಕಟ್ಟೆಯ ಪಕ್ಕದ ಕಾಲುದಾರಿಯಲ್ಲಿ ಮಲಗುವುದು ಇಂಥವನ ಪಾಲಿಗೆ ಕೆಲಸ ಉಳಿಸಿಕೊಳ್ಳುವ ಉಪಾಯ. 1985ರಲ್ಲಿ ಮುಂಬೈನ ಕಾಲುದಾರಿ ವಾಸಿಗಳ ಪ್ರಕರಣದಲ್ಲಿ, ಓಲ್ಗಾ ಟೆಲ್ಲಿಸ್ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಇದನ್ನೇ ಗುರುತಿಸಿತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ, ಇವರನ್ನು ಅಲ್ಲಿಂದ ಎಬ್ಬಿಸಿದರೆ ಕೆಲಸವೂ ಹೋಗುತ್ತದೆ ಎಂದಿತು. ಆದರೂ ಕಾನೂನು ಕ್ರಮ ಪಾಲಿಸಿ ತೆರವು ಮಾಡುವ ಅಧಿಕಾರ ಪಾಲಿಕೆಗೆ ಇದೆಯೆಂದೂ ಹೇಳಿತು. ನಲವತ್ತು ವರ್ಷಗಳಿಂದ ಈ ವಾದ ಅಲ್ಲೇ ಜಗ್ಗಾಡುತ್ತಿದೆ.

ಎರಡನೆಯ ದಾರಿ ತೆರವು ಕಾರ್ಯಾಚರಣೆ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಭಾಗದ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದವರು ಅಕ್ರಮ ಬಾಂಗ್ಲಾದೇಶಿಗರು ಎಂಬ ಪ್ರಚಾರ ನಡೆಯಿತು. ಗುಡಿಸಲು ಕಳೆದುಕೊಂಡವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು ಎಂಬುದು ಬಳಿಕ ತಿಳಿಯಿತು. ಹೈಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. 2025ರ ಡಿಸೆಂಬರ್‌ನಲ್ಲಿ ಯಲಹಂಕ ಬಳಿಯ ಕೋಗಿಲಿನಲ್ಲಿ ಸರ್ಕಾರಿ ಜಾಗದಲ್ಲಿದ್ದ ಮನೆಗಳನ್ನು ಚಳಿಗಾಲದಲ್ಲಿ ತೆರವುಗೊಳಿಸಿದಾಗಲೂ ಚರ್ಚೆ ಹೊರಳಿದ್ದು ಅವರು ಎಲ್ಲಿಯವರು ಎಂಬ ಕಡೆಗೆ. ಅವರು ಆ ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆ ಹಿಂದೆ ಬಿತ್ತು. ಅನಧಿಕೃತ ಕಟ್ಟಡ ಕೆಡವುವ ಮುನ್ನ 15 ದಿನಗಳ ನೋಟಿಸ್ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆಯಲ್ಲ ಎಂದು ಕೇಳಬಹುದು. ರಸ್ತೆ, ಕಾಲುದಾರಿ, ರೈಲು ಹಳಿಯ ಅಂಚಿನಂಥ ಸಾರ್ವಜನಿಕ ಜಾಗದ ನಿರ್ಮಾಣಗಳಿಗೆ ಆ ರಕ್ಷಣೆ ಅನ್ವಯಿಸುವುದಿಲ್ಲ. ಅತ್ಯಂತ ಬಡವರು ಇರುವುದೇ ಅಲ್ಲಿ.

ಮೂರನೆಯದು ಕಾಯಿಲೆ, ಅನಾಥತೆ, ಮನೆಯೊಳಗಿನ ಹಿಂಸೆ. ಮನೆ ಬಿಟ್ಟು ರೈಲು ಹತ್ತಿದ ಮನೋರೋಗಿ, ಆಸ್ಪತ್ರೆಯಿಂದ ಬಿಡುಗಡೆಯಾದರೂ ಕರೆದೊಯ್ಯುವವರಿಲ್ಲದ ವೃದ್ಧ, ಗಂಡನ ಹೊಡೆತ ತಾಳದೆ ಹೊರಬಿದ್ದ ಹೆಂಗಸು. ಸಂಖ್ಯೆಯಲ್ಲಿ ಇವರು ಕೂಲಿಯವರಿಗಿಂತ ಕಡಿಮೆ ಇರಬಹುದು, ಆದರೆ ಬೀದಿಯಲ್ಲಿ ಸಾಯುವ ಸಾಧ್ಯತೆ ಇವರಿಗೇ ಹೆಚ್ಚು.

ಕಾನೂನು ಏನು ಹೇಳುತ್ತದೆ?

2010ರ ಜನವರಿಯ ದೆಹಲಿಯ ಚಳಿ ಈ ಕಥೆಯ ತಿರುವು. ಆಶ್ರಯ ತಾಣವೊಂದನ್ನು ಪಾಲಿಕೆ ಕೆಡವಿದ ಮೇಲೆ ಜನ ಚಳಿಗೆ ಸತ್ತರೆಂಬ ವರದಿಗಳು ಬಂದವು. ಆಹಾರದ ಹಕ್ಕಿನ ಪ್ರಕರಣವನ್ನು ಆಲಿಸುತ್ತಿದ್ದ ಸುಪ್ರೀಂ ಕೋರ್ಟ್ ಆಶ್ರಯ ಕೇಂದ್ರಗಳತ್ತ ತಿರುಗಿತು. ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಸಾಮರ್ಥ್ಯದ ಒಂದು ಕೇಂದ್ರ ಇರಬೇಕು, ಅದು ವರ್ಷವಿಡೀ ಹಗಲೂ ರಾತ್ರಿ ತೆರೆದಿರಬೇಕು ಎಂಬ ಮಾನದಂಡ ರೂಪುಗೊಂಡದ್ದು ಹೀಗೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಇದನ್ನೇ ಯೋಜನೆಯಾಗಿಸಿತು, ತಲೆಗೆ 50 ಚದರ ಅಡಿ ಜಾಗವಿರಬೇಕೆಂದಿತು. ಹಣವಿದ್ದೂ ರಾಜ್ಯಗಳು ಕಟ್ಟುತ್ತಿಲ್ಲ ಎಂಬ ದೂರು ಬಂದಾಗ ನ್ಯಾಯಾಲಯ 2016ರ ನವೆಂಬರ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು.

ಬೆಂಗಳೂರಿಗೆ ಈ ಮಾನದಂಡ ಅನ್ವಯಿಸಿ ನೋಡೋಣ. 2011ರಲ್ಲಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ. ಅಂದರೆ 84 ಕೇಂದ್ರ, 8,400 ಹಾಸಿಗೆ. ಒಂದೊಂದು ಕೇಂದ್ರಕ್ಕೆ ಬೇಕಾದ ಜಾಗ 5,000 ಚದರ ಅಡಿ, ಬೆಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ ನಾಲ್ಕು 30-40 ನಿವೇಶನಗಳಿಗಿಂತ ತುಸು ಹೆಚ್ಚು. ಎರಡು ಅಂತಸ್ತು ಕಟ್ಟಿದರೆ ಅದರ ಅರ್ಧ ಸಾಕು. ನಗರ ಈ ಗುರಿಯ ಹತ್ತಿರಕ್ಕೂ ಹೋಗಿಲ್ಲ. 2011ರ ಬಳಿಕ ಊರು ಎಷ್ಟು ಬೆಳೆದಿದೆ ಎಂಬುದನ್ನು ಇಲ್ಲಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಕೇಂದ್ರಗಳ ಸಂಖ್ಯೆ ನಿರ್ಧಾರವಾಗುವುದು ಊರಿನ ಒಟ್ಟು ಜನಸಂಖ್ಯೆಯಿಂದ, ಬೀದಿಯಲ್ಲಿ ಮಲಗುವವರ ಎಣಿಕೆಯಿಂದ ಅಲ್ಲ. ಹಾಗಿದ್ದರೆ ಗಣತಿಯಲ್ಲಿ ಅವರ ಸಂಖ್ಯೆ ಕಡಿಮೆಯಾದರೆ ನಷ್ಟವೇನು? ಕಾಗದದ ಮೇಲೆ ಏನೂ ಇಲ್ಲ. ಆಚರಣೆಯಲ್ಲಿ ನಷ್ಟ ದೊಡ್ಡದು. ನಮ್ಮಲ್ಲಿ ಅಷ್ಟು ಮಂದಿಯೇ ಇಲ್ಲ, ಇರುವ ಕೇಂದ್ರಗಳೇ ತುಂಬುತ್ತಿಲ್ಲ ಎಂದು ಹೇಳಿ ಪಾಲಿಕೆಗಳು ಮಾನದಂಡದಿಂದ ಜಾರಿಕೊಳ್ಳಲು ಆ ಸಣ್ಣ ಸಂಖ್ಯೆಯೇ ನೆಪವಾಗುತ್ತದೆ.

ಇನ್ನೊಂದು ಕಾನೂನು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತದೆ. ಅದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ. ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇರಿಸಲು ಅದು ಅವಕಾಶ ಕೊಡುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವ ಇಂಥ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತದ್ದು ರಾಜ್ಯವನ್ನೇ ಬೆಚ್ಚಿಬೀಳಿಸಿತ್ತು. ಇಂಥದೇ ಕಾನೂನಿನ ಹಲವು ಕಲಮುಗಳನ್ನು ದೆಹಲಿ ಹೈಕೋರ್ಟ್ 2018ರಲ್ಲಿ ಅಸಾಂವಿಧಾನಿಕವೆಂದು ರದ್ದುಪಡಿಸಿದೆ. ಆ ತೀರ್ಪು ದೆಹಲಿಗೆ ಸೀಮಿತ, ನಮ್ಮ ಕಾನೂನು ಉಳಿದಿದೆ. ಇದರ ಪರಿಣಾಮ ಊಹಿಸುವುದು ಕಷ್ಟವೇನಲ್ಲ. ಸರ್ಕಾರಿ ವಾಹನ ಬಂದು ಎಲ್ಲಿಗಾದರೂ ಕರೆದರೆ, ಅದು ಹಾಸಿಗೆ ಕೊಡುವ ವಾಹನವೋ ಕೂಡಿಹಾಕುವ ವಾಹನವೋ ಎಂದು ಬೀದಿಯಲ್ಲಿರುವವನಿಗೆ ತಿಳಿಯುವುದಿಲ್ಲ. ಅವನು ಓಡುತ್ತಾನೆ.

ಮೂರು ವಾದಗಳು

ಮೊದಲ ವಾದ, ಕೊಡುತ್ತಾ ಹೋದರೆ ದುಡಿಯುವ ಮನಸ್ಸು ಸಾಯುತ್ತದೆ ಎಂಬುದು. 2025ರ ವಿಚಾರಣೆಯಲ್ಲಿ ಪೀಠ ವ್ಯಕ್ತಪಡಿಸಿದ ಆತಂಕ ಇದೇ. ಕೆಲಸ ಸಿಕ್ಕರೆ ಬೇಡವೆನ್ನುವವರು ಈ ದೇಶದಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂದು ಅರ್ಜಿದಾರರ ಪರ ವಕೀಲರು ಅಲ್ಲೇ ಉತ್ತರಿಸಿದರು. ಹಣ್ಣಿನ ಪೆಟ್ಟಿಗೆ ಹೊತ್ತು ದಣಿದು ಅಲ್ಲೇ ಒರಗಿದವನಿಗೆ ಈ ಆತಂಕ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಅದನ್ನು ಮುಂದಿಡುವವರೇ ವಿವರಿಸಬೇಕು.

ಎರಡನೆಯದು, ಆಶ್ರಯ ಕೇಂದ್ರ ಹೆಚ್ಚಿಸಿದರೆ ಸಾಕು ಎಂಬ ವಾದ. ಜೀವ ಉಳಿಸುವ ಮಟ್ಟಿಗೆ ಇದು ಸರಿ, ಮಳೆಗಾಲದ ರಾತ್ರಿ ತಲೆಯ ಮೇಲೆ ಚಾವಣಿ ಬೇಕೇ ಬೇಕು. ಆದರೆ ಆಶ್ರಯ ಕೇಂದ್ರದಲ್ಲಿ ಮಲಗುವವನು ಇನ್ನೂ ಮನೆಯಿಲ್ಲದವನೇ.

ಮೊದಲು ಮನೆ, ಉಳಿದದ್ದು ಆಮೇಲೆ ಎಂಬುದು ಮೂರನೆಯ ವಾದ. ಫಿನ್ಲೆಂಡ್ ಇದನ್ನು ರಾಷ್ಟ್ರೀಯ ನೀತಿಯಾಗಿಸಿದ ದೇಶ. ಕುಡಿತ ಬಿಟ್ಟು ಬಾ, ಔಷಧಿ ತೆಗೆದುಕೊಂಡು ಬಾ, ಆಮೇಲೆ ಮನೆ ಎಂಬ ಹಳೆಯ ಕ್ರಮವನ್ನು 2008ರಿಂದ ಅಲ್ಲಿ ತಲೆಕೆಳಗು ಮಾಡಿದರು. ಬಾಡಿಗೆ ಕರಾರು ಮೊದಲು, ಚಿಕಿತ್ಸೆ ಮತ್ತು ಕೆಲಸದ ನೆರವು ಅದರ ಜತೆಗೆ. ಹಳೆಯ ಆಶ್ರಯ ಕೇಂದ್ರಗಳನ್ನೇ ಸಣ್ಣ ಮನೆಗಳಾಗಿ ಬದಲಾಯಿಸಿದರು. 1980ರ ದಶಕದ ಕೊನೆಯಲ್ಲಿ ಹದಿನೆಂಟು ಸಾವಿರದ ಆಸುಪಾಸಿನಲ್ಲಿದ್ದ ವಸತಿರಹಿತರ ಸಂಖ್ಯೆ 2023ಕ್ಕೆ 3,500ಕ್ಕಿಂತ ಕೆಳಗಿಳಿಯಿತು. ಸಾಮಾಜಿಕ ಭದ್ರತೆಯ ಖರ್ಚಿಗೆ ಸರ್ಕಾರ ಕತ್ತರಿ ಹಾಕಿತು, 2024ರಲ್ಲಿ ಸಂಖ್ಯೆ ಮತ್ತೆ ಏರಿತು.

ಫಿನ್ಲೆಂಡಿನ ಹಣ, ಜನಸಂಖ್ಯೆ, ಚಳಿ ಯಾವುದೂ ನಮ್ಮಂತಿಲ್ಲ. ಆದರೆ ಅಲ್ಲಿಂದ ತಿಳಿಯುವ ಒಂದು ಸಂಗತಿ ಇಲ್ಲಿಗೂ ಹೊಂದುತ್ತದೆ. ಸಂಖ್ಯೆ ಇಳಿಸಿದ್ದು ಮನೆಗಳ ಲಭ್ಯತೆ. ಕಂಬಳಿ ಹಂಚಿಕೆಯಿಂದ ಯಾವ ನಗರದಲ್ಲೂ ವಸತಿಹೀನತೆ ಕೊನೆಗೊಂಡಿಲ್ಲ.

ಕಂಬಳಿ, ಅನ್ನದ ಪೊಟ್ಟಣ ಮತ್ತು ಅವುಗಳ ಮಿತಿ

ಹುಟ್ಟುಹಬ್ಬಕ್ಕೋ ಪುಣ್ಯತಿಥಿಗೋ ರಾತ್ರಿ ಹೊತ್ತು ಕಾರಿನಲ್ಲಿ ಬಂದು ಅನ್ನದ ಪೊಟ್ಟಣ, ಕಂಬಳಿ ಹಂಚಿ ಹೋಗುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಹಸಿದವನಿಗೆ ಅನ್ನ ಕೊಡುವುದನ್ನು ಯಾರೂ ಹಳಿಯಬಾರದು. ಅದರ ಫೋಟೊ ತೆಗೆಯುವುದನ್ನು ಮಾತ್ರ ಧಾರಾಳವಾಗಿ ಹಳಿಯಬಹುದು. ಆದರೆ ಈ ದಾನದ ಸ್ವಭಾವವನ್ನು ಗಮನಿಸಬೇಕು. ಕಂಬಳಿಯನ್ನು ಹಗಲು ಇಡಲು ಜಾಗವಿಲ್ಲದ್ದರಿಂದ ಅದು ಕಳೆದುಹೋಗುತ್ತದೆ ಅಥವಾ ಪಾಲಿಕೆಯ ಕಸದ ಗಾಡಿಗೆ ಸೇರುತ್ತದೆ. ಒಂದೇ ರಾತ್ರಿ ಐದು ಗುಂಪುಗಳು ಬರುವ ಜನಪ್ರಿಯ ರಸ್ತೆಗಳೂ ಯಾರೂ ಬಾರದ ರಸ್ತೆಗಳೂ ಊರೊಂದರಲ್ಲೇ ಇರುತ್ತವೆ. ಮುಖ್ಯವಾಗಿ, ದಾನಿ ಮತ್ತು ಪಡೆಯುವವನ ನಡುವೆ ಹೆಸರಿನ ಪರಿಚಯವೂ ಆಗುವುದಿಲ್ಲ.

ಬೀದಿಯಲ್ಲಿರುವವನಿಗೆ ಅನ್ನಕ್ಕಿಂತ ದುರ್ಲಭವಾದವು ಎರಡು: ವಿಳಾಸ ಮತ್ತು ಸಾಕ್ಷಿ. ಇಂಥವನು ಇಲ್ಲಿದ್ದಾನೆ, ನಾನು ಇವನನ್ನು ಬಲ್ಲೆ ಎಂದು ಹೇಳುವ ಇನ್ನೊಬ್ಬ ಮನುಷ್ಯ ಬೇಕು. ಸಾಮಾನ್ಯ ನಾಗರಿಕರು ಕೊಡಬಹುದಾದದ್ದು, ಸರ್ಕಾರಕ್ಕೆ ಸುಲಭವಾಗಿ ಕೊಡಲಾಗದ್ದು ಇದು.

ಒಂದು ಉದಾಹರಣೆ ಮತದಾರರ ಪಟ್ಟಿ. ಮನೆಯಿಲ್ಲದವರಿಗೆ ಮತದಾನದ ಹಕ್ಕಿಲ್ಲ ಎಂದು ವಿದ್ಯಾವಂತರೇ ನಂಬಿದ್ದಾರೆ. ಚುನಾವಣಾ ಆಯೋಗದ ನಿಯಮ ಬೇರೆಯೇ ಇದೆ. ಅವರು ನಮೂನೆ 6ರಲ್ಲಿ ತಾವು ಮಲಗುವ ಜಾಗವನ್ನು ಬರೆದರೆ, ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಅಲ್ಲಿಗೆ ಹೋಗಿ ಪರಿಶೀಲಿಸಬೇಕು. ನಿಜವಾಗಿ ಅಲ್ಲೇ ಮಲಗುತ್ತಾರೆಂದು ಖಚಿತವಾದರೆ ವಾಸಸ್ಥಳದ ದಾಖಲೆ ಕೇಳುವಂತಿಲ್ಲ. ನಿಯಮ ಇಷ್ಟು ಉದಾರವಾಗಿದ್ದರೂ ಅದು ಬಳಕೆಗೆ ಬರದಿರಲು ಕಾರಣ, ಅರ್ಜಿ ತುಂಬಿಕೊಡುವವರು ಮತ್ತು ಅಧಿಕಾರಿಯ ಬೆನ್ನುಹತ್ತುವವರು ಇಲ್ಲದಿರುವುದು. ಒಂದು ಗುರುತಿನ ಚೀಟಿ ಸಿಕ್ಕರೆ ಅದರಿಂದ ಬ್ಯಾಂಕ್ ಖಾತೆ, ಖಾತೆಯಿಂದ ಪಿಂಚಣಿ, ಪಿಂಚಣಿಯಿಂದ ಬಾಡಿಗೆಯ ಒಂದು ಪಾಲು, ಹೀಗೆ ಸರಪಳಿ ಬೆಳೆಯುವ ಸಾಧ್ಯತೆ ಇದೆ. ಮತ ಹಾಕುವವರಾದ ಮೇಲೆ ಜನಪ್ರತಿನಿಧಿ ಅವರನ್ನು ನೋಡುವ ರೀತಿಯೂ ಬದಲಾಗುತ್ತದೆ.

ಮನಸ್ಸು ಕದಡಿದವರ ವಿಷಯದಲ್ಲಿ

ಕೂದಲು ಜಡೆಗಟ್ಟಿ, ತನ್ನಷ್ಟಕ್ಕೆ ಮಾತನಾಡುತ್ತಾ ಬಸ್ ನಿಲ್ದಾಣದಲ್ಲಿ ಕುಳಿತವರನ್ನು ಕಂಡರೆ ಜನ ದೂರ ಸರಿಯುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಇಲ್ಲಿ ಪೊಲೀಸರಿಗೆ ಸ್ಪಷ್ಟ ಕರ್ತವ್ಯ ವಿಧಿಸಿದೆ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವ ಮನೋರೋಗಿಯನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಲಾಕಪ್‌ನಲ್ಲಿ ಇಡುವಂತಿಲ್ಲ. ಮನೆಯವರ ಪತ್ತೆಗೆ ಕಾಣೆಯಾದವರ ಪ್ರಕರಣದಂತೆ ಎಫ್‌ಐಆರ್ ದಾಖಲಿಸಬೇಕು. 112ಕ್ಕೆ ಕರೆ ಮಾಡಿ ಈ ಕಲಮನ್ನು ಹೆಸರಿಸಿ ಹೇಳುವುದು, ಸುಮ್ಮನೆ ಯಾರೋ ಹುಚ್ಚರಿದ್ದಾರೆ ಎನ್ನುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಹೇಗೆ ವರ್ತಿಸಬೇಕೆಂಬ ಸಲಹೆಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಿರಿಯರಿಗೆ 14567, ಮಕ್ಕಳಾದರೆ 1098.

ಕಾನೂನಿಗಿಂತ ಮೊದಲು ಕೆಲಸ ಮಾಡುವುದು ಭಾಷೆ. 2024ರ ಡಿಸೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯ ಆಶ್ರಮವೊಂದರಿಂದ ವೃದ್ಧೆಯೊಬ್ಬರು ಕರ್ನಾಟಕಕ್ಕೆ ಮರಳಿದರು. ಅವರು ಮನೆಯಿಂದ ಕಾಣೆಯಾಗಿ ಸುಮಾರು ಇಪ್ಪತ್ತೈದು ವರ್ಷಗಳಾಗಿದ್ದವು. ಸತ್ತೇ ಹೋಗಿದ್ದಾರೆಂದು ತಿಳಿದು ಮನೆಯವರು ಅಂತ್ಯಕ್ರಿಯೆಯ ವಿಧಿಗಳನ್ನೂ ಮುಗಿಸಿದ್ದರು. ಅಲ್ಲಿ ಯಾರಿಗೂ ಅರ್ಥವಾಗದಿದ್ದ ಅವರ ಮಾತನ್ನು ಆ ರಾಜ್ಯದಲ್ಲಿ ಸೇವೆಯಲ್ಲಿದ್ದ ಕನ್ನಡ ಬಲ್ಲ ಅಧಿಕಾರಿಗಳು ಕೇಳಿಸಿಕೊಂಡರು. ವಿಡಿಯೊ ಕರ್ನಾಟಕ ತಲುಪಿತು, ಊರು ಪತ್ತೆಯಾಯಿತು. ಇದೇ ಕೆಲಸ ತಿರುಗುಮುರುಗಾಗಿಯೂ ಆಗಬೇಕಿದೆ. ಹುಬ್ಬಳ್ಳಿಯ, ಮಂಗಳೂರಿನ ರೈಲು ನಿಲ್ದಾಣಗಳಲ್ಲಿ ಇಳಿದು ಅಲೆಯುವ ಒಡಿಯಾ, ಬಂಗಾಳಿ, ತೆಲುಗು ಮಾತಿನವರನ್ನು ಅವರ ಭಾಷೆಯಲ್ಲಿ ಮಾತನಾಡಿಸುವವರು ಅದೇ ಊರಿನ ಹೋಟೆಲುಗಳಲ್ಲೂ ಕಾಲೇಜುಗಳಲ್ಲೂ ಸಿಗುತ್ತಾರೆ. ಅಲೆಯುವ ಮನೋರೋಗಿಗಳಿಗೆ ಚಿಕಿತ್ಸೆ ಕೊಟ್ಟು ಊರಿಗೆ ಮುಟ್ಟಿಸುವ ಕೆಲಸಕ್ಕಾಗಿ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಡಾ. ಭರತ್ ವಾಟ್ವಾನಿ ಅವರ ಶ್ರದ್ಧಾ ಸಂಸ್ಥೆಯ ಅನುಭವವೂ ಇದನ್ನೇ ಹೇಳುತ್ತದೆ: ಔಷಧಿ ಹಿಡಿದ ಮೇಲೆ ಬಹಳಷ್ಟು ಮಂದಿ ತಮ್ಮ ಊರಿನ ಹೆಸರು ತಾವೇ ಹೇಳುತ್ತಾರೆ.

ಎಲ್ಲರಿಗೂ ಮರಳಲು ಮನೆ ಇರುವುದಿಲ್ಲ. ಅಂಥವರಿಗಾಗಿ ಚೆನ್ನೈನ ಬ್ಯಾನಿಯನ್ ಸಂಸ್ಥೆ ಸಾಮಾನ್ಯ ಬೀದಿಗಳಲ್ಲಿ ಸಾಮಾನ್ಯ ಬಾಡಿಗೆ ಮನೆ ಹಿಡಿದು, ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದ ಮಹಿಳೆಯರು ನಾಲ್ಕೈದು ಮಂದಿಯಂತೆ ಒಟ್ಟಿಗೆ ಬದುಕುವ ವ್ಯವಸ್ಥೆ ಮಾಡಿದೆ. ಇದು ನಡೆಯಲು ಬೇಕಾದದ್ದು ಬಾಡಿಗೆಗೆ ಕೊಡುವ ಮಾಲೀಕ ಮತ್ತು ಗಲಾಟೆ ಮಾಡದ ಪಕ್ಕದ ಮನೆಯವರು.

ನಮ್ಮ ಬೀದಿಯಲ್ಲಿ ಬೇಡ

ಸಾಮಾನ್ಯ ನಾಗರಿಕರ ಪಾತ್ರ ಎಲ್ಲಕ್ಕಿಂತ ನಿರ್ಣಾಯಕವಾಗುವುದು ಇಲ್ಲಿ, ಮತ್ತು ಇದನ್ನು ಹೇಳಲು ದಾನದ ಕರಪತ್ರಗಳು ಹಿಂಜರಿಯುತ್ತವೆ. ಪಾಲಿಕೆ ಆಶ್ರಯ ಕೇಂದ್ರಕ್ಕೆ ಜಾಗ ಹುಡುಕಿದಾಗ ಬಡಾವಣೆಗಳಿಂದ ಬರುವ ಮೊದಲ ಪ್ರತಿಕ್ರಿಯೆ ಸಾಮಾನ್ಯವಾಗಿ ವಿರೋಧ. ಕಳ್ಳತನ ಹೆಚ್ಚುತ್ತದೆ, ಹೆಣ್ಣುಮಕ್ಕಳು ಓಡಾಡುವ ರಸ್ತೆ, ನಿವೇಶನದ ಬೆಲೆ ಇಳಿಯುತ್ತದೆ. ಈ ಭಯಗಳನ್ನು ಅಪಹಾಸ್ಯ ಮಾಡಿ ಪ್ರಯೋಜನವಿಲ್ಲ, ಕೆಟ್ಟದಾಗಿ ನಡೆಸಿದ ಕೇಂದ್ರ ಸುತ್ತಲಿನವರಿಗೆ ತೊಂದರೆಯೇ. ಆದರೆ ವಿರೋಧದ ಪರಿಣಾಮ ಏನಾಗುತ್ತದೆ ನೋಡಿ. ರಾಜಕೀಯ ತಲೆನೋವು ಬೇಡವೆಂದು ಅಧಿಕಾರಿಗಳು ಯಾರೂ ವಿರೋಧಿಸದ ಜಾಗ ಹುಡುಕುತ್ತಾರೆ. ಯಾರೂ ವಿರೋಧಿಸದ ಜಾಗವೆಂದರೆ ಯಾರೂ ಇಲ್ಲದ ಜಾಗ: ಊರಾಚೆಯ ಖಾಲಿ ಕಟ್ಟಡ. ಅದು ಮಾರುಕಟ್ಟೆಯಿಂದ ದೂರ, ಕೂಲಿಯ ವೃತ್ತದಿಂದ ದೂರ. ಹೀಗಾಗಿ ಯಾರೂ ಹೋಗುವುದಿಲ್ಲ. ಹಾಸಿಗೆಗಳು ಖಾಲಿ ಉಳಿಯುತ್ತವೆ. ಖಾಲಿ ಹಾಸಿಗೆಗಳ ವರದಿ ನೋಡಿ, ಬೇಡಿಕೆಯೇ ಇಲ್ಲವೆಂದು ಹೊಸ ಕೇಂದ್ರಗಳನ್ನು ಕೈಬಿಡಲಾಗುತ್ತದೆ. ಕಾಲುದಾರಿ ತುಂಬಿರುವಾಗಲೇ ಆಶ್ರಯ ಕೇಂದ್ರ ಖಾಲಿಯಿರುವ ವಿಚಿತ್ರಕ್ಕೆ ಇದೊಂದು ದೊಡ್ಡ ಕಾರಣ. ಗಂಡಸರಿಗೆ ಮಾತ್ರ ಎಂಬ ನಿಯಮ, ಗಂಡ ಹೆಂಡತಿ ಮಕ್ಕಳು ಬೇರೆ ಬೇರೆಯಾಗಬೇಕಾದ ಸ್ಥಿತಿ, ತಳ್ಳುಗಾಡಿ ನಿಲ್ಲಿಸಲು ಜಾಗವಿಲ್ಲದಿರುವುದು, ಹಗಲು ಬಾಗಿಲು ಹಾಕುವುದು ಉಳಿದ ಕಾರಣಗಳು.

ಆದ್ದರಿಂದ ಬಡಾವಣೆಯ ಸಭೆಯಲ್ಲಿ ಆಶ್ರಯ ಕೇಂದ್ರದ ಪ್ರಸ್ತಾಪ ಬಂದಾಗ ಹತ್ತು ಮಂದಿ ಎದ್ದುನಿಂತು, ಇಲ್ಲೇ ಆಗಲಿ, ಆದರೆ ಮೇಲುಸ್ತುವಾರಿ ಸಮಿತಿಯಲ್ಲಿ ನಮ್ಮ ಇಬ್ಬರಿರಲಿ, ಶೌಚಾಲಯ ಹಗಲೂ ತೆರೆದಿರಲಿ ಎಂದು ಹೇಳಿದರೆ, ಅದು ಸಾವಿರ ಕಂಬಳಿಗಳಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಇದಕ್ಕೆ ಹಣ ಬೇಡ. ನೆರೆಯವರ ಎದುರು ನಿಷ್ಠುರವಾಗುವ ಧೈರ್ಯ ಬೇಕು, ಅದು ಹಣಕ್ಕಿಂತ ವಿರಳ.

ಸ್ವಂತ ಮನೆ ಕಟ್ಟಿಸುವವರಿಗೂ ಒಂದು ಮಾತು. ಕಟ್ಟಡ ಏಳುವಾಗ ಅದರ ಮೂಲೆಯ ಶೀಟಿನ ಶೆಡ್ಡಿನಲ್ಲಿ ಕಾವಲಿಗೆ ಒಂದು ಕುಟುಂಬ ಇರುತ್ತದೆ. ಗೃಹಪ್ರವೇಶದ ವಾರ ಶೆಡ್ಡು ಕಳಚುತ್ತಾರೆ. ಮುಂದಿನ ಕಟ್ಟಡ ಸಿಗುವ ತನಕ ಆ ಕುಟುಂಬ ಎಲ್ಲಿರುತ್ತದೆ ಎಂದು ಕೇಳುವವರು ಕಡಿಮೆ. ಎರಡು ತಿಂಗಳ ಬಾಡಿಗೆಯಷ್ಟು ಹಣ, ಮಕ್ಕಳ ಶಾಲೆಯ ವರ್ಗಾವಣೆ ಪತ್ರ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ 90 ದಿನ ಕೆಲಸ ಮಾಡಿದ ಪ್ರಮಾಣಪತ್ರಕ್ಕೆ ಒಂದು ಸಹಿ. ಕುಟುಂಬವೊಂದು ಬೀದಿಗೆ ಬೀಳುವ ಮೊದಲೇ ತಡೆಯುವುದು, ಬಿದ್ದ ಮೇಲೆ ಎತ್ತುವುದಕ್ಕಿಂತ ಅಗ್ಗ. ಮನೆ ಬಾಡಿಗೆಗೆ ಕೊಡುವವರು ಕೂಲಿಯವರಿಂದ ಹತ್ತರ ಬದಲು ಎರಡು ತಿಂಗಳ ಮುಂಗಡ ಪಡೆದರೂ ಪರಿಣಾಮ ಇದೇ ದಿಕ್ಕಿನಲ್ಲಿರುತ್ತದೆ.

ಮುಂದೇನಾಗಬಹುದು?

ನಗರ ಜೀವನೋಪಾಯ ಅಭಿಯಾನದ ಅವಧಿ 2024ರ ಸೆಪ್ಟೆಂಬರ್‌ಗೆ ಮುಗಿಯಿತು. ವಸತಿರಹಿತರ ಆಶ್ರಯವೂ ಸೇರಿದ ಹೊಸ ನಗರ ಬಡತನ ನಿರ್ಮೂಲನಾ ಯೋಜನೆ ಅಂತಿಮ ಹಂತದಲ್ಲಿದೆ ಎಂದು ಕೇಂದ್ರ ಸರ್ಕಾರ 2025ರ ಫೆಬ್ರುವರಿಯಲ್ಲಿ ನ್ಯಾಯಾಲಯಕ್ಕೆ ತಿಳಿಸಿತು. ಇಂಥ ಮಧ್ಯಂತರದಲ್ಲಿ ಕೇಂದ್ರದ ಪಾಲು ತಡವಾದರೆ ಹೊರೆ ಪಾಲಿಕೆಗಳ ಮೇಲೆ ಬೀಳುತ್ತದೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಒಂದರ ಬದಲು ಐದು ಪಾಲಿಕೆಗಳಿವೆ. ಮಾರುಕಟ್ಟೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿರುವ ಹಳೆಯ ಊರಿನ ಭಾಗಕ್ಕೆ ಜನ ಎಲ್ಲ ಕಡೆಯಿಂದ ಬರುತ್ತಾರೆ. ಅವರ ಖರ್ಚನ್ನು ಆ ಒಂದು ಪಾಲಿಕೆಯೇ ಹೊರಬೇಕೇ, ಐದೂ ಹಂಚಿಕೊಳ್ಳಬೇಕೇ ಎಂಬುದು ಬೇಗ ತೀರ್ಮಾನವಾಗದಿದ್ದರೆ ಒಬ್ಬರ ಕಡೆ ಇನ್ನೊಬ್ಬರು ಕೈತೋರಿಸುವ ಹಳೆಯ ಚಾಳಿಗೆ ಐದು ಬಾಗಿಲು ಸಿಗುತ್ತವೆ.

ಹಣವೇ ಇಲ್ಲ ಎಂಬ ಉತ್ತರವನ್ನು ಮಾತ್ರ ಒಪ್ಪಬೇಕಾಗಿಲ್ಲ. ಕರ್ನಾಟಕದಲ್ಲಿ ಆಸ್ತಿ ತೆರಿಗೆ ಕಟ್ಟುವ ಪ್ರತಿಯೊಬ್ಬರೂ ಅದರ ಜತೆ ಶೇ 3ರಷ್ಟು ಭಿಕ್ಷುಕರ ಕರ ಕಟ್ಟುತ್ತಾರೆ. ಹತ್ತು ಸಾವಿರ ತೆರಿಗೆಗೆ ಮುನ್ನೂರು ರೂಪಾಯಿ. ಈ ಹಣ ಸ್ಥಳೀಯ ಸಂಸ್ಥೆಗಳಿಂದ, ಭಿಕ್ಷಾಟನೆ ನಿಷೇಧ ಕಾನೂನಿನಡಿಯ ರಾಜ್ಯಮಟ್ಟದ ಕೇಂದ್ರ ಪರಿಹಾರ ಸಮಿತಿಗೆ ಹೋಗಬೇಕು. ಹೋಗದೆ ಬಾಕಿ ಉಳಿಯುವುದು ಹಳೆಯ ದೂರು. ತೆರಿಗೆ ಕಟ್ಟಿದ ರಸೀದಿ ಕೈಯಲ್ಲಿರುವ ಯಾರು ಬೇಕಾದರೂ ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಾಲ್ಕು ಪ್ರಶ್ನೆ ಕೇಳಬಹುದು: ನಮ್ಮ ಪಾಲಿಕೆ ಕಳೆದ ವರ್ಷ ಈ ಬಾಬತ್ತಿನಲ್ಲಿ ಸಂಗ್ರಹಿಸಿದ್ದೆಷ್ಟು, ವರ್ಗಾಯಿಸಿದ್ದೆಷ್ಟು, ಅದರಲ್ಲಿ ಜನರನ್ನು ಹಿಡಿದು ಇರಿಸಲು ಖರ್ಚಾದದ್ದೆಷ್ಟು ಮತ್ತು ಅವರಿಗೆ ಬಾಡಿಗೆ ಮನೆ, ಕೆಲಸ ಕೊಡಿಸಲು ಖರ್ಚಾದದ್ದೆಷ್ಟು. ಅರ್ಜಿಯ ಶುಲ್ಕ ಹತ್ತು ರೂಪಾಯಿ, ಉತ್ತರ ಕೊಡಲು ಅಧಿಕಾರಿಗೆ ಮೂವತ್ತು ದಿನಗಳ ಗಡುವು ಇದೆ.